ರೊಟ್ಟಿ, ಹಿಂಡಿ, ಕಾಳುಪಲ್ಯ: ಕರುಳಿನ ಬ್ಯಾಕ್ಟೀರಿಯಾಗಳ ಊಟವೂ ಹೌದು

ಗದಗ-ಬೆಟಗೇರಿಯ ಖಾನಾವಳಿಗಳಲ್ಲಿ ಊಟಕ್ಕೆ ಕುಳಿತವರ ತಟ್ಟೆಗೆ ಬರುವ ಪದಾರ್ಥಗಳನ್ನು ಒಮ್ಮೆ ಲೆಕ್ಕ ಹಾಕಬಹುದು. ಜೋಳದ ರೊಟ್ಟಿ, ಹೆಸರುಕಾಳು ಇಲ್ಲವೇ ಮಡಿಕೆಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಅಗಸಿ ಅಥವಾ ಗುರೆಳ್ಳಿನ ಹಿಂಡಿ, ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು, ಕೊನೆಗೆ ಮಜ್ಜಿಗೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳಲ್ಲೂ ಇದೇ ಕ್ರಮ. ಹೊಟ್ಟೆ ತುಂಬುವುದಕ್ಕೆ, ಹೊಲದ ದುಡಿಮೆಗೆ ಬಲ ಬರುವುದಕ್ಕೆ ಈ ಊಟ ಎಂಬುದು ಹಿಂದಿನಿಂದ ಬಂದ ತಿಳಿವಳಿಕೆ. ಆದರೆ ಈ ತಟ್ಟೆಯಲ್ಲಿರುವುದರಲ್ಲಿ ಒಂದು ಪಾಲು ಮನುಷ್ಯನಿಗೆ ಜೀರ್ಣವಾಗುವುದೇ ಇಲ್ಲ. ಅದು ನೇರವಾಗಿ ದೊಡ್ಡ ಕರುಳಿಗೆ ಇಳಿದು, ಅಲ್ಲಿ ನೆಲೆಸಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಆ ಬ್ಯಾಕ್ಟೀರಿಯಾಗಳು ಅದನ್ನು ಬಳಸಿಕೊಂಡು ತಯಾರಿಸುವ ವಸ್ತುಗಳು ದೇಹದ ರೋಗನಿರೋಧಕ ವ್ಯವಸ್ಥೆಯ ಮೇಲೆ ಪ್ರಭಾವ ಬೀರುತ್ತವೆ ಎಂಬುದನ್ನು ಕಳೆದ ಎರಡು ದಶಕಗಳ ಸಂಶೋಧನೆಗಳು ತೋರಿಸಿವೆ.

ಈ ಸಂಬಂಧದ ಎರಡು ಮುಖ್ಯ ಕೊಂಡಿಗಳು ಪ್ರಿಬಯಾಟಿಕ್ ನಾರು ಮತ್ತು ಸಸ್ಯಜನ್ಯ ಪಾಲಿಫಿನಾಲ್‌ಗಳು. ಅವು ಏನು, ಹೇಗೆ ಕೆಲಸ ಮಾಡುತ್ತವೆ, ಗದಗ ಸೀಮೆಯ ಆಹಾರದಲ್ಲಿ ಎಲ್ಲೆಲ್ಲಿ ಇವೆ, ಯಾರು ಎಚ್ಚರಿಕೆ ವಹಿಸಬೇಕು ಎಂಬುದರ ವಿವರ ಇಲ್ಲಿದೆ.

ಕರುಳಿನೊಳಗಿನ ಲೋಕ

ಮನುಷ್ಯನ ದೇಹದಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಅಂದಾಜಿಸಿದೆ. ಅದೇ ಲೆಕ್ಕದಂತೆ ದೇಹದ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಅಂದರೆ ಎರಡರ ಸಂಖ್ಯೆಯೂ ಹೆಚ್ಚು ಕಡಿಮೆ ಸಮಸಮ. ಬ್ಯಾಕ್ಟೀರಿಯಾಗಳು ಮನುಷ್ಯನ ಜೀವಕೋಶಗಳಿಗಿಂತ ಹತ್ತು ಪಟ್ಟು ಹೆಚ್ಚು ಎಂಬ ಹಳೆಯ ಮಾತು ಈ ಲೆಕ್ಕದಿಂದ ಬಿದ್ದುಹೋಯಿತು. ಇವೆಲ್ಲವನ್ನೂ ತೂಗಿದರೆ ಸುಮಾರು 200 ಗ್ರಾಂ ಆಗಬಹುದು. ಇವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿಯೇ ವಾಸಿಸುತ್ತವೆ.

ಈ ಬ್ಯಾಕ್ಟೀರಿಯಾಗಳು ಹುಟ್ಟಿನಿಂದಲೇ ಜೊತೆಗೂಡುತ್ತವೆ. ಹೆರಿಗೆಯ ಸಮಯದಲ್ಲಿ ತಾಯಿಯಿಂದ, ಅನಂತರ ಎದೆಹಾಲು, ಮನೆಯ ಪರಿಸರ ಮತ್ತು ಆಹಾರದಿಂದ ಶಿಶುವಿನ ಕರುಳಿಗೆ ಅವು ಸೇರುತ್ತವೆ. ಎದೆಹಾಲಿನಲ್ಲಿರುವ ಒಂದು ಬಗೆಯ ಸಂಕೀರ್ಣ ಸಕ್ಕರೆಗಳನ್ನು ಮಗು ಜೀರ್ಣಿಸಿಕೊಳ್ಳಲಾರದು. ಆದರೂ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಎದೆಹಾಲಿನಲ್ಲಿ ಅತಿ ಹೆಚ್ಚಾಗಿರುವ ಘನ ಪದಾರ್ಥವೇ ಅದು. ಅದನ್ನು ತಿನ್ನುವುದು ಮಗುವಿನ ಕರುಳಿನಲ್ಲಿರುವ ಬಿಫಿಡೋಬ್ಯಾಕ್ಟೀರಿಯಾ. ಮಗುವಿನೊಂದಿಗೆ ಅದರ ಕರುಳಿನ ಬ್ಯಾಕ್ಟೀರಿಯಾಗಳಿಗೂ ತಾಯಿಯ ಹಾಲು ಉಣಿಸುತ್ತದೆ. ನಿಸರ್ಗದ ಮೊದಲ ಪ್ರಿಬಯಾಟಿಕ್ ಎಂದು ಇದನ್ನು ಕರೆಯಬಹುದು. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲನ್ನು ಮಾತ್ರ ಕೊಡಬೇಕು ಎಂಬ ವೈದ್ಯರ ಸಲಹೆಗೆ ಇದೂ ಒಂದು ಆಧಾರ.

ಪ್ರಿಬಯಾಟಿಕ್ ಬೇರೆ, ಪ್ರೊಬಯಾಟಿಕ್ ಬೇರೆ

ಈ ಎರಡು ಪದಗಳನ್ನು ಜಾಹೀರಾತುಗಳು ಬೆರೆಸಿಬಿಟ್ಟಿವೆ. ಸೂಕ್ತ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣುಗಳು ಪ್ರೊಬಯಾಟಿಕ್. ಕರುಳಿನಲ್ಲಿ ಈಗಾಗಲೇ ಇರುವ ಹಿತಕಾರಿ ಸೂಕ್ಷ್ಮಾಣುಗಳಿಗೆ ದೊರೆಯುವ ಆಹಾರ ಪ್ರಿಬಯಾಟಿಕ್. ಒಂದು ಬೀಜವಾದರೆ ಇನ್ನೊಂದು ಗೊಬ್ಬರ ಎನ್ನಬಹುದು.

ಪ್ರೊಬಯಾಟಿಕ್ ವಿಚಾರ ಹಳೆಯದು. 1908ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ರಷ್ಯಾ ಮೂಲದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್, ಹುಳಿ ಹಾಲಿನ ಬ್ಯಾಕ್ಟೀರಿಯಾಗಳಿಗೂ ದೀರ್ಘಾಯುಷ್ಯಕ್ಕೂ ನಂಟಿದೆ ಎಂದು ವಾದಿಸಿದ್ದರು. ಪ್ರಿಬಯಾಟಿಕ್ ಎಂಬ ಪದವನ್ನು ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರಾಬರ್‌ಫ್ರಾಯ್ಡ್ ಎಂಬ ವಿಜ್ಞಾನಿಗಳು ಬಳಕೆಗೆ ತಂದದ್ದು 1995ರಲ್ಲಿ. 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಳಿಯೊಂದು ಇದರ ವ್ಯಾಖ್ಯೆಯನ್ನು ವಿಸ್ತರಿಸಿತು. ದೇಹದಲ್ಲಿರುವ ಸೂಕ್ಷ್ಮಾಣುಗಳು ಆಯ್ದು ಬಳಸಿಕೊಂಡು, ಅದರಿಂದ ಆರೋಗ್ಯಕ್ಕೆ ಲಾಭವಾಗುವಂತಹ ಯಾವುದೇ ವಸ್ತು ಪ್ರಿಬಯಾಟಿಕ್ ಎನಿಸಿಕೊಳ್ಳಬಹುದು ಎಂಬುದು ಅದರ ಸಾರ. ಇದರಿಂದ ನಾರಿನ ಜೊತೆಗೆ ಪಾಲಿಫಿನಾಲ್‌ಗಳಿಗೂ ಈ ಪಟ್ಟಿಯ ಬಾಗಿಲು ತೆರೆಯಿತು.

ಎಲ್ಲ ನಾರೂ ಪ್ರಿಬಯಾಟಿಕ್ ಅಲ್ಲ. ಮಲಬದ್ಧತೆಗೆ ಬಳಸುವ ಇಸಬಗೋಲಿನ ಬಹುಪಾಲನ್ನು ಬ್ಯಾಕ್ಟೀರಿಯಾಗಳು ಹುದುಗಿಸುವುದಿಲ್ಲ. ಅದು ನೀರು ಹೀರಿಕೊಂಡು ಮಲವನ್ನು ಮೃದುಗೊಳಿಸುತ್ತದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರಕ್ಟಾನ್‌ಗಳು ಮತ್ತು ಬೇಳೆಕಾಳುಗಳಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು ಹಾಗಲ್ಲ, ಅವನ್ನು ಬ್ಯಾಕ್ಟೀರಿಯಾಗಳು ಬೇಗನೆ ಹುದುಗಿಸುತ್ತವೆ. ಜೀರ್ಣವಾಗದೆ ಉಳಿಯುವ ಪಿಷ್ಟವೂ ಇದೇ ಗುಂಪಿಗೆ ಹತ್ತಿರ. ಬೇಯಿಸಿದ ಧಾನ್ಯ ಆರಿದಾಗ ಅದರ ಪಿಷ್ಟದ ಒಂದಂಶ ಮತ್ತೆ ಗಟ್ಟಿಗೊಂಡು ಈ ರೂಪ ತಾಳುತ್ತದೆ.

ನಾರಿನಿಂದ ಆಮ್ಲ, ಆಮ್ಲದಿಂದ ರಕ್ಷಣೆ

ನಾರನ್ನು ಒಡೆಯಲು ಬೇಕಾದ ಕಿಣ್ವಗಳು ಮನುಷ್ಯನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಅವು ಹೇರಳ. ದೊಡ್ಡ ಕರುಳಿನಲ್ಲಿ ಆಮ್ಲಜನಕ ಇಲ್ಲದ ವಾತಾವರಣದಲ್ಲಿ ಅವು ನಾರನ್ನು ಹುದುಗಿಸಿ ಮೂರು ಮುಖ್ಯ ಕಿರು ಕೊಬ್ಬಿನಾಮ್ಲಗಳನ್ನು ಉತ್ಪಾದಿಸುತ್ತವೆ. ಅವು ಅಸಿಟೇಟ್, ಪ್ರೊಪಿಯೊನೇಟ್ ಮತ್ತು ಬ್ಯುಟಿರೇಟ್.

ಇವುಗಳಲ್ಲಿ ಬ್ಯುಟಿರೇಟ್‌ಗೆ ವಿಶೇಷ ಸ್ಥಾನ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಶಕ್ತಿಯ ಮುಖ್ಯ ಮೂಲವೇ ಅದು. ಆ ಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರಲು, ಅದರ ಮೇಲೆ ಲೋಳೆ ಸ್ರವಿಸಲು ಬ್ಯುಟಿರೇಟ್ ನೆರವಾಗುತ್ತದೆ. ಈ ಲೋಳೆಯ ಪದರ ಮನೆಯ ಕಾಂಪೌಂಡಿನಂತೆ. ಅದು ಗಟ್ಟಿಯಾಗಿದ್ದರೆ ಕರುಳಿನ ಬ್ಯಾಕ್ಟೀರಿಯಾಗಳು ತಮ್ಮ ಎಲ್ಲೆಯೊಳಗೇ ಉಳಿಯುತ್ತವೆ. ಜೊತೆಗೆ ಈ ಆಮ್ಲಗಳಿಂದ ಕರುಳಿನ ಒಳಭಾಗ ತುಸು ಆಮ್ಲೀಯವಾಗುವುದರಿಂದ ಕೆಲವು ರೋಗಕಾರಕ ಬ್ಯಾಕ್ಟೀರಿಯಾಗಳ ಬೆಳವಣಿಗೆ ತಗ್ಗುತ್ತದೆ.

ರೋಗನಿರೋಧಕ ವ್ಯವಸ್ಥೆಯ ಬಹು ದೊಡ್ಡ ಪಾಲು ಕರುಳಿನ ಗೋಡೆಯಲ್ಲಿಯೇ ಬೀಡುಬಿಟ್ಟಿದೆ. ಆಹಾರದೊಂದಿಗೆ ಹೊರಗಿನ ಜಗತ್ತು ದೇಹವನ್ನು ಪ್ರವೇಶಿಸುವ ಸ್ಥಳ ಅದಾದ್ದರಿಂದ ಇದು ಸಹಜ. ಈ ವ್ಯವಸ್ಥೆಗೆ ಎರಡು ಕೆಲಸ. ವೈರಿಯನ್ನು ಹೊಡೆಯುವುದು ಒಂದು, ವೈರಿಯಲ್ಲದವರನ್ನು ಬಿಟ್ಟುಬಿಡುವುದು ಇನ್ನೊಂದು. ಎರಡನೆಯ ಕೆಲಸ ತಪ್ಪಿದರೆ ದೇಹ ತನ್ನ ಮೇಲೆ ತಾನೇ ತಿರುಗಿಬೀಳುತ್ತದೆ. ಉರಿಯೂತ, ಅಲರ್ಜಿ, ಸ್ವಯಂನಿರೋಧಕ ಕಾಯಿಲೆಗಳು ತಲೆದೋರುತ್ತವೆ. ಈ ಸಂಯಮವನ್ನು ಕಾಯುವ ಕೋಶಗಳಿಗೆ ನಿಯಂತ್ರಕ ಟಿ ಕೋಶಗಳು ಎಂದು ಹೆಸರು. ಬ್ಯಾಕ್ಟೀರಿಯಾಗಳು ತಯಾರಿಸುವ ಕಿರು ಕೊಬ್ಬಿನಾಮ್ಲಗಳು ಇಲಿಗಳ ದೊಡ್ಡ ಕರುಳಿನಲ್ಲಿ ಈ ಕೋಶಗಳನ್ನು ಹೆಚ್ಚಿಸುತ್ತವೆ ಎಂದು 2013ರಲ್ಲಿ ನೇಚರ್ ಮತ್ತು ಸೈನ್ಸ್ ಪತ್ರಿಕೆಗಳಲ್ಲಿ ಪ್ರತ್ಯೇಕ ತಂಡಗಳು ವರದಿ ಮಾಡಿದವು.

ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಪ್ರಯೋಗಾಲಯದಲ್ಲಿ ಸಾಕಿದ ಇಲಿಗಳಲ್ಲಿ ಕರುಳಿನ ರೋಗನಿರೋಧಕ ಅಂಗಾಂಶಗಳು ಸರಿಯಾಗಿ ಬೆಳೆಯುವುದೇ ಇಲ್ಲ, ಕರುಳನ್ನು ಕಾಯುವ ಐಜಿಎ ಎಂಬ ಪ್ರತಿಕಾಯವೂ ಕಡಿಮೆಯಿರುತ್ತದೆ. ರೋಗನಿರೋಧಕ ವ್ಯವಸ್ಥೆಗೆ ಪಾಠ ಹೇಳುವ ಗುರುಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳೂ ಸೇರಿವೆ ಎಂಬುದಕ್ಕೆ ಇದು ಸಾಕ್ಷಿ.

ನಾರು ಸಿಗದಿದ್ದರೆ?

ಆಹಾರ ಸಿಗದಿದ್ದರೆ ಬ್ಯಾಕ್ಟೀರಿಯಾಗಳು ಸುಮ್ಮನಿರುವುದಿಲ್ಲ. ಇಲಿಗಳಿಗೆ ನಾರಿಲ್ಲದ ಆಹಾರ ಕೊಟ್ಟು ನಡೆಸಿದ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ ಸೆಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾರು ಸಿಗದ ಬ್ಯಾಕ್ಟೀರಿಯಾಗಳು ಕರುಳಿನ ಲೋಳೆಯ ಪದರವನ್ನೇ ತಿನ್ನತೊಡಗಿದವು. ಪದರ ತೆಳುವಾಯಿತು. ಆಗ ರೋಗಕಾರಕ ಬ್ಯಾಕ್ಟೀರಿಯಾವನ್ನು ಕೊಟ್ಟಾಗ ಆ ಇಲಿಗಳು ಹೆಚ್ಚು ತೀವ್ರವಾದ ಕಾಯಿಲೆಗೆ ತುತ್ತಾದವು. ಇಲಿಗಳಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ಹಾಗೆಯೇ ನಡೆಯುತ್ತದೆ ಎಂದು ಹೇಳಲಾಗದು. ಆದರೂ ನಾರಿನ ಕೊರತೆ ಬರಿಯ ಮಲಬದ್ಧತೆಯ ಪ್ರಶ್ನೆಯಲ್ಲ ಎಂಬ ಎಚ್ಚರಿಕೆ ಇದರಲ್ಲಿದೆ.

ಪಾಲಿಫಿನಾಲ್‌ಗಳ ಪಾತ್ರ

ಗಿಡಗಳು ಬಿಸಿಲು, ಕೀಟ, ರೋಗಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ತಯಾರಿಸಿಕೊಳ್ಳುವ ರಾಸಾಯನಿಕಗಳಲ್ಲಿ ಪಾಲಿಫಿನಾಲ್‌ಗಳು ಮುಖ್ಯವಾದವು. ಇವುಗಳಲ್ಲಿ ಸಾವಿರಾರು ಬಗೆಗಳಿವೆ. ನೇರಳೆಯ ಬಣ್ಣ, ಚಹಾದ ಒಗರು, ಎಳೆಯ ಬಾಳೆಕಾಯಿಯ ಚೊಗರು ಇವೆಲ್ಲ ಅವುಗಳದೇ ಗುರುತು.

ಇವುಗಳನ್ನು ಆಂಟಿ ಆಕ್ಸಿಡೆಂಟ್ ಎಂದು ಹಾಡಿಹೊಗಳುವುದು ವಾಡಿಕೆ. ಆದರೆ ತಿಂದ ಪಾಲಿಫಿನಾಲ್‌ನಲ್ಲಿ ಸಣ್ಣ ಕರುಳಿನಲ್ಲಿ ಹೀರಲ್ಪಡುವುದು ಶೇಕಡಾ 5ರಿಂದ 10ರಷ್ಟು ಮಾತ್ರ ಎಂದು ಅಂದಾಜು. ಉಳಿದದ್ದು ದೊಡ್ಡ ಕರುಳು ಸೇರುತ್ತದೆ. ಅಲ್ಲಿ ನಡೆಯುವುದು ಎರಡು ದಿಕ್ಕಿನ ವ್ಯವಹಾರ. ಪಾಲಿಫಿನಾಲ್‌ಗಳು ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಗೆ ಅನುವು ಮಾಡಿ, ಇನ್ನು ಕೆಲವನ್ನು ಹತ್ತಿಕ್ಕುತ್ತವೆ. ಬ್ಯಾಕ್ಟೀರಿಯಾಗಳು ಪಾಲಿಫಿನಾಲ್‌ಗಳನ್ನು ಒಡೆದು, ದೇಹ ಹೀರಿಕೊಳ್ಳಬಲ್ಲ ಸಣ್ಣ ಅಣುಗಳನ್ನಾಗಿ ಮಾಡುತ್ತವೆ.

ದಾಳಿಂಬೆಯಲ್ಲಿರುವ ಎಲಾಜಿಟ್ಯಾನಿನ್ ಇದಕ್ಕೊಂದು ಉದಾಹರಣೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಯುರೊಲಿಥಿನ್ ಎಂಬ ವಸ್ತುವಾಗಿ ಪರಿವರ್ತಿಸುತ್ತವೆ. ಆದರೆ ಎಲ್ಲರ ಕರುಳಿನಲ್ಲೂ ಈ ಕೆಲಸಕ್ಕೆ ತಕ್ಕ ಬ್ಯಾಕ್ಟೀರಿಯಾಗಳು ಇರುವುದಿಲ್ಲ. ಒಂದೇ ಹಣ್ಣನ್ನು ತಿಂದ ಇಬ್ಬರಲ್ಲಿ ಒಬ್ಬರಿಗೆ ಅದು ದಕ್ಕಿ, ಇನ್ನೊಬ್ಬರಿಗೆ ದಕ್ಕದಿರುವುದಕ್ಕೆ ಇದೂ ಒಂದು ಕಾರಣ. ಅರಿಸಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಅದರ ಬಹುಪಾಲು ಕರುಳಿನಲ್ಲೇ ಉಳಿದು ಬ್ಯಾಕ್ಟೀರಿಯಾಗಳಿಂದ ಮಾರ್ಪಾಡು ಹೊಂದುತ್ತದೆ.

ಗದಗ ಸೀಮೆಯ ತಟ್ಟೆಯಲ್ಲಿ ಏನಿದೆ?

ಗದಗ ಜಿಲ್ಲೆಯ ಎರೆಭೂಮಿಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ ಬಿತ್ತುವುದು ರೂಢಿ. ಮಸಾರಿ ನೆಲದಲ್ಲಿ ಶೇಂಗಾ, ಸಜ್ಜೆಯಂತಹ ಬೆಳೆಗಳು. ಉಳ್ಳಾಗಡ್ಡಿ ಮತ್ತು ಮೆಣಸಿನಕಾಯಿ ಇಲ್ಲಿಯ ಮುಖ್ಯ ವಾಣಿಜ್ಯ ಬೆಳೆಗಳು. ಹೊಲದಲ್ಲಿ ಬೆಳೆದದ್ದೇ ತಟ್ಟೆಗೆ ಬಂದು ಈ ಭಾಗದ ಊಟದ ಸ್ವರೂಪ ನಿರ್ಧಾರವಾಗಿದೆ.

ಜೋಳ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಸಜ್ಜೆ, ರಾಗಿ ಮತ್ತು ಇಡಿ ಗೋಧಿಯಲ್ಲಿ ಸುಮಾರು 11 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮತ್ತು ಮೈದಾದಲ್ಲಿ 3 ಗ್ರಾಂಗಿಂತಲೂ ಕಡಿಮೆ. ಜೋಳದ ನಾರಿನೊಂದಿಗೆ ಫೆರುಲಿಕ್ ಆಮ್ಲ ಎಂಬ ಫಿನಾಲಿಕ್ ವಸ್ತು ಹೆಣೆದುಕೊಂಡಿರುತ್ತದೆ. ಅದನ್ನು ಬಿಡಿಸಿಕೊಡುವುದೂ ಕರುಳಿನ ಬ್ಯಾಕ್ಟೀರಿಯಾಗಳೇ. ಕೆಂಪು, ಕಂದು ಬಣ್ಣದ ಜೋಳದ ತಳಿಗಳಲ್ಲಿ ಪಾಲಿಫಿನಾಲ್ ಹೆಚ್ಚು. ರೊಟ್ಟಿಗೆ ಬಳಸುವ ಬಿಳಿಜೋಳದಲ್ಲಿ ಕಡಿಮೆ. ಹಾಗಾಗಿ ಬಿಳಿಜೋಳದ ಹೆಚ್ಚುಗಾರಿಕೆ ಇರುವುದು ಮುಖ್ಯವಾಗಿ ನಾರಿನಲ್ಲಿ.

ಕಾಳುಗಳು: ಅದೇ ಕೋಷ್ಟಕಗಳಂತೆ 100 ಗ್ರಾಂ ಇಡಿ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ, ಇಡಿ ಕಡಲೆಯಲ್ಲಿ ಸುಮಾರು 25 ಗ್ರಾಂ ನಾರಿದೆ. ಸಿಪ್ಪೆ ತೆಗೆದು ಬೇಳೆ ಮಾಡಿದಾಗ ಹೆಸರಿನಲ್ಲಿ ಅದು 9 ಗ್ರಾಂಗೆ, ಕಡಲೆಯಲ್ಲಿ 15 ಗ್ರಾಂಗೆ ಇಳಿಯುತ್ತದೆ. ಇಡಿ ಕಾಳನ್ನೇ ಪಲ್ಯ ಮಾಡುವ ಪದ್ಧತಿಯ ಲಾಭ ಇದರಿಂದ ಸ್ಪಷ್ಟ. ಕಾಳು ತಿಂದರೆ ಹೊಟ್ಟೆಯುಬ್ಬರ ಎಂಬ ದೂರಿಗೆ ಕಾರಣವೂ ರಾಫಿನೋಸ್ ಗುಂಪಿನ ಸಕ್ಕರೆಗಳೇ. ನೆನೆಸಿ ಮೊಳಕೆ ಬರಿಸಿದಾಗ ಅವು ಕಡಿಮೆಯಾಗುತ್ತವೆ. ಮಡಿಕೆ, ಹೆಸರುಗಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವ ರೂಢಿ ಅನುಭವದಿಂದ ಬಂದದ್ದು.

ಅಗಸಿ ಹಿಂಡಿ: ಈ ಇಡೀ ವಿಷಯಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು. ಅಗಸಿ ಬೀಜ ಲಿಗ್ನಾನ್ ಎಂಬ ಪಾಲಿಫಿನಾಲ್‌ಗಳ ಅತ್ಯಂತ ಸಮೃದ್ಧ ಮೂಲ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಎಂಟೆರೊಡಯಾಲ್ ಮತ್ತು ಎಂಟೆರೊಲ್ಯಾಕ್ಟೋನ್ ಎಂಬ ವಸ್ತುಗಳಾಗಿ ಮಾರ್ಪಡಿಸುತ್ತವೆ. ಬ್ಯಾಕ್ಟೀರಿಯಾಗಳಿಲ್ಲದೆ ಈ ಮಾರ್ಪಾಡು ಸಾಧ್ಯವಿಲ್ಲ. ಪ್ರತಿಜೀವಕ ಔಷಧಿ ಸೇವಿಸಿದವರ ರಕ್ತದಲ್ಲಿ ಎಂಟೆರೊಲ್ಯಾಕ್ಟೋನ್ ಪ್ರಮಾಣ ಕುಗ್ಗುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಬೀಜದಲ್ಲಿ ಕರಗುವ ನಾರೂ ಇದೆ. ನೀರಿನಲ್ಲಿ ನೆನೆಸಿದರೆ ಬರುವ ಲೋಳೆ ಅದೇ. ಆದರೆ ಇಡಿ ಬೀಜ ನುಂಗಿದರೆ ಗಟ್ಟಿ ಸಿಪ್ಪೆಯ ಕಾರಣ ಬಹಳಷ್ಟು ಹಾಗೆಯೇ ಹೊರಬೀಳುತ್ತದೆ. ಹುರಿದು ಕುಟ್ಟಿ ಹಿಂಡಿ ಮಾಡಿದಾಗ ಅದು ಬ್ಯಾಕ್ಟೀರಿಯಾಗಳ ಕೈಗೆ ಸಿಗುತ್ತದೆ.

ಉಳ್ಳಾಗಡ್ಡಿ: ಇದರಲ್ಲಿ ಫ್ರಕ್ಟಾನ್ ನಾರು ಮತ್ತು ಕ್ವೆರ್ಸೆಟಿನ್ ಎಂಬ ಪಾಲಿಫಿನಾಲ್ ಎರಡೂ ಇವೆ. ಕ್ವೆರ್ಸೆಟಿನ್ ಹೊರಪದರಗಳಲ್ಲಿ ಹೆಚ್ಚು, ಒಳಗೆ ಹೋದಂತೆ ಕಡಿಮೆ. ಕೆಂಪು ಉಳ್ಳಾಗಡ್ಡಿಯಲ್ಲಿ ಹೆಚ್ಚು, ಬಿಳಿಯದರಲ್ಲಿ ಅತ್ಯಲ್ಪ. ಒಣ ಸಿಪ್ಪೆಯ ಜೊತೆಗೆ ರಸಭರಿತವಾದ ಎರಡು ಪದರಗಳನ್ನೂ ಕಿತ್ತು ಎಸೆಯುವುದು ನಷ್ಟದ ವ್ಯವಹಾರ.

ಶೇಂಗಾ: ಕಾಳಿನ ಮೇಲಿನ ಕೆಂಪು ಸಿಪ್ಪೆಯಲ್ಲಿ ಪಾಲಿಫಿನಾಲ್ ಇದೆ. ಹುರಿದ ಮೇಲೆ ಅದನ್ನು ಉಜ್ಜಿ ಊದಿ ತೆಗೆಯದೆ ಹಿಂಡಿಗೆ ಹಾಕಬಹುದು.

ಮೆಣಸಿನಕಾಯಿ: 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಈ ಭಾಗದಲ್ಲೂ ಬೆಳೆಯುತ್ತದೆ. ಅದರ ಕಡುಗೆಂಪು ಬಣ್ಣ ಪಾಲಿಫಿನಾಲ್‌ನಿಂದ ಬಂದದ್ದಲ್ಲ, ಕೆರೊಟಿನಾಯ್ಡ್ ಎಂಬ ಬೇರೊಂದು ವರ್ಗದ ವಸ್ತುವಿನಿಂದ ಬಂದದ್ದು. ಬಣ್ಣ ಇದ್ದಲ್ಲೆಲ್ಲ ಪಾಲಿಫಿನಾಲ್ ಇದೆ ಎಂಬ ಸಾಮಾನ್ಯ ನಂಬಿಕೆ ಸರಿಯಲ್ಲ.

ಮಜ್ಜಿಗೆ: ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿನಲ್ಲಿ ಜೀವಂತ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿವೆ. ಅವು ಯಾವ ತಳಿ, ಎಷ್ಟು ಎಂಬುದು ಮನೆಯಿಂದ ಮನೆಗೆ ಬೇರೆಯಾಗುವುದರಿಂದ ಶಾಸ್ತ್ರೀಯ ಅರ್ಥದಲ್ಲಿ ಅದನ್ನು ಪ್ರೊಬಯಾಟಿಕ್ ಎನ್ನಲಾಗದು. ಆದರೆ ಹುದುಗಿಸಿದ ಆಹಾರವಾಗಿ ಅದಕ್ಕೆ ತನ್ನದೇ ಮಹತ್ವವಿದೆ.

ಊಟ ಬದಲಾದಾಗ

ಒಂದು ಸರಳ ಲೆಕ್ಕ. ದಿನಕ್ಕೆ 150 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ತಿಂದರೆ ಸುಮಾರು 15 ಗ್ರಾಂ ನಾರು ಸಿಗುತ್ತದೆ. 50 ಗ್ರಾಂ ಇಡಿ ಹೆಸರುಕಾಳಿನ ಪಲ್ಯದಿಂದ ಇನ್ನೂ 8 ಗ್ರಾಂ. ಸೊಪ್ಪು, ತರಕಾರಿ, ಹಿಂಡಿ ಸೇರಿದರೆ, ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸೂಚಿಸಿದ ಗುರಿಯನ್ನು ದಾಟಬಹುದು. ಅದೇ 150 ಗ್ರಾಂ ಪಾಲಿಶ್ ಅಕ್ಕಿಯ ಅನ್ನವಾದರೆ ಸಿಗುವುದು 4 ಗ್ರಾಂ ಮಾತ್ರ. ಉಳಿದ 11 ಗ್ರಾಂಗಳನ್ನು ಬೇರೆಡೆಯಿಂದ ತುಂಬಿಕೊಳ್ಳಬೇಕು.

ನಗರದ ಮನೆಗಳಲ್ಲಿ ರೊಟ್ಟಿ ಬಡಿಯುವ ಪುರುಸೊತ್ತು ಕಡಿಮೆಯಾಗಿದೆ. ಮುಂಜಾನೆಯ ನಾಷ್ಟಾ ಮೈದಾ, ರವೆ, ಅಕ್ಕಿಯ ಪಾಲಾಗಿದೆ. ಸಂಜೆಯ ಗಿರ್ಮಿಟ್, ಮಿರ್ಚಿಗಳ ರುಚಿಗೆ ಸೋಲದವರಿಲ್ಲ. ಆದರೆ ಮಂಡಕ್ಕಿಯಲ್ಲಿ ನಾರು ಅತ್ಯಲ್ಪ, ಕರಿದ ಮಿರ್ಚಿಯಲ್ಲಿ ಎಣ್ಣೆಯ ಪಾಲೇ ಹೆಚ್ಚು. ಅವು ಊಟದ ಜೊತೆಗಿನ ಚಪಲವಾಗಿರಬಹುದು, ಊಟಕ್ಕೆ ಬದಲಿಯಾಗಬಾರದು. ಜೋಳ ತಿನ್ನುವ ಮನೆಗಳಲ್ಲೂ ರೊಟ್ಟಿ ಬೆಳ್ಳಗೆ ತೆಳ್ಳಗೆ ಬರಲೆಂದು ಹಿಟ್ಟನ್ನು ಸಣ್ಣ ಜರಡಿಯಲ್ಲಿ ಸಾಣಿಸಿ ತೌಡು ತೆಗೆಯುವುದುಂಟು. ನಾರಿನ ಬಹುಭಾಗ ಇರುವುದು ಆ ತೌಡಿನಲ್ಲಿಯೇ.

ಊಟ ಬದಲಾದರೆ ಕರುಳಿನ ಒಳಗೂ ಬದಲಾವಣೆ ಬೇಗನೆ ಬರುತ್ತದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಆಫ್ರಿಕನ್ ಮೂಲದವರಿಗೆ ಎರಡು ವಾರ ನಾರು ಹೆಚ್ಚಿರುವ ಆಫ್ರಿಕದ ಹಳ್ಳಿಯ ಊಟವನ್ನೂ, ದಕ್ಷಿಣ ಆಫ್ರಿಕದ ಗ್ರಾಮಸ್ಥರಿಗೆ ಕೊಬ್ಬು ಹೆಚ್ಚಿರುವ ಅಮೆರಿಕದ ಊಟವನ್ನೂ ಕೊಡಲಾಯಿತು. ಮೊದಲ ಗುಂಪಿನಲ್ಲಿ ಬ್ಯುಟಿರೇಟ್ ಉತ್ಪಾದನೆ ಹೆಚ್ಚಿ ಕರುಳಿನ ಉರಿಯೂತದ ಲಕ್ಷಣಗಳು ಇಳಿದವು. ಎರಡನೆಯ ಗುಂಪಿನಲ್ಲಿ ಇದರ ತದ್ವಿರುದ್ಧ. ಬದಲಾವಣೆಗೆ ಬೇಕಾದದ್ದು ಹದಿನಾಲ್ಕು ದಿನ.

ಭಾರತೀಯರ ಕರುಳಿನಲ್ಲಿ

ಆಹಾರಕ್ಕೆ ತಕ್ಕಂತೆ ಕರುಳಿನ ಬ್ಯಾಕ್ಟೀರಿಯಾಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತವೆ. 2010ರಲ್ಲಿ ಆಫ್ರಿಕದ ಬುರ್ಕಿನಾ ಫಾಸೊ ದೇಶದ ಹಳ್ಳಿಯ ಮಕ್ಕಳನ್ನು ಇಟಲಿಯ ಮಕ್ಕಳೊಂದಿಗೆ ಹೋಲಿಸಲಾಯಿತು. ಸಜ್ಜೆ, ಜೋಳ, ಕಾಳು, ತರಕಾರಿ ತಿನ್ನುವ ಆಫ್ರಿಕದ ಮಕ್ಕಳ ಕರುಳಿನಲ್ಲಿ ಪ್ರಿವೊಟೆಲ್ಲಾದಂತಹ ನಾರು ಒಡೆಯುವ ಬ್ಯಾಕ್ಟೀರಿಯಾಗಳೂ, ಕಿರು ಕೊಬ್ಬಿನಾಮ್ಲಗಳೂ ಹೆಚ್ಚಾಗಿದ್ದವು. ಆ ಮಕ್ಕಳ ಆಹಾರ ಉತ್ತರ ಕರ್ನಾಟಕದ ಊಟಕ್ಕೆ ತೀರ ದೂರದ್ದಲ್ಲ. ಮಧ್ಯ ಭಾರತದ ಭೋಪಾಲ್ ಮತ್ತು ದಕ್ಷಿಣದ ಕೇರಳದ ಆರೋಗ್ಯವಂತರನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ, ಸಸ್ಯಾಹಾರ ಪ್ರಧಾನವಾದ ಭೋಪಾಲದವರಲ್ಲಿ ಪ್ರಿವೊಟೆಲ್ಲಾ ಮೇಲುಗೈ ಸಾಧಿಸಿರುವುದು ಕಂಡುಬಂತು.

ಸಂಶೋಧನೆ ಎಲ್ಲಿಯವರೆಗೆ ಬಂದಿದೆ?

ನಾರಿನ ಒಟ್ಟಾರೆ ಪ್ರಯೋಜನದ ಬಗ್ಗೆ ಪುರಾವೆ ಗಟ್ಟಿಯಾಗಿದೆ. 185 ಸಮೀಕ್ಷಾ ಅಧ್ಯಯನಗಳು ಮತ್ತು 58 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಂತೆ, ಕಡಿಮೆ ನಾರು ತಿನ್ನುವವರಿಗೆ ಹೋಲಿಸಿದರೆ ಹೆಚ್ಚು ನಾರು ತಿನ್ನುವವರಲ್ಲಿ ಹೃದ್ರೋಗ, ಎರಡನೆಯ ಬಗೆಯ ಮಧುಮೇಹ, ದೊಡ್ಡ ಕರುಳಿನ ಕ್ಯಾನ್ಸರ್ ಹಾಗೂ ಒಟ್ಟು ಸಾವಿನ ಪ್ರಮಾಣ ಶೇಕಡಾ 15ರಿಂದ 30ರಷ್ಟು ಕಡಿಮೆ. ದಿನಕ್ಕೆ 25ರಿಂದ 29 ಗ್ರಾಂ ಸೇವನೆಯಲ್ಲಿ ಹೆಚ್ಚಿನ ಲಾಭ ಕಂಡಿತು.

ಆದರೆ ರೋಗನಿರೋಧಕ ಶಕ್ತಿಯ ವಿಷಯದಲ್ಲಿ ಚಿತ್ರ ಅಷ್ಟು ಸರಳವಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 36 ವಯಸ್ಕರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2021ರಲ್ಲಿ ಹೊರಬಂತು. ಮೊಸರಿನಂತಹ ಹುದುಗಿಸಿದ ಆಹಾರವನ್ನು ಹೆಚ್ಚಾಗಿ ತಿಂದವರಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿ, ಉರಿಯೂತ ಸೂಚಿಸುವ 19 ಪ್ರೋಟೀನುಗಳು ಇಳಿದವು. ನಾರನ್ನು ಹೆಚ್ಚಿಸಿದ ಗುಂಪಿನಲ್ಲಿ ಅಷ್ಟು ಅವಧಿಯಲ್ಲಿ ವೈವಿಧ್ಯ ಹೆಚ್ಚಲಿಲ್ಲ; ರೋಗನಿರೋಧಕ ಪ್ರತಿಕ್ರಿಯೆ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಯಿತು. ನಾರು ಒಡೆಯುವ ಬ್ಯಾಕ್ಟೀರಿಯಾಗಳೇ ಮೊದಲಿನಿಂದ ಕಡಿಮೆಯಿದ್ದರೆ ನಾರಿನ ಲಾಭ ತಡವಾಗಬಹುದು ಎಂಬ ವಿವರಣೆ ಇದಕ್ಕಿದೆ. ರೊಟ್ಟಿ, ಕಾಳುಗಳ ಜೊತೆಗೆ ಮಜ್ಜಿಗೆಯೂ ಇರುವ ಊಟ ಈ ಎರಡೂ ದಾರಿಗಳನ್ನು ಕೂಡಿಸುತ್ತದೆ.

ಯಾವ ಆಹಾರವೂ ಸೋಂಕನ್ನು ತಡೆಯುವ ಕವಚವಲ್ಲ. ಲಸಿಕೆಗೆ, ಶುದ್ಧ ನೀರಿಗೆ, ಚಿಕಿತ್ಸೆಗೆ ಅದು ಬದಲಿಯಲ್ಲ. ರೋಗನಿರೋಧಕ ಶಕ್ತಿಯನ್ನು ವಾರದಲ್ಲಿ ಹೆಚ್ಚಿಸುತ್ತೇವೆಂದು ಮಾರುವ ಪುಡಿ, ಕಷಾಯ, ಮಾತ್ರೆಗಳ ಮಾತು ಈ ವಿಜ್ಞಾನದಿಂದ ಸಮರ್ಥನೆಯಾಗುವುದಿಲ್ಲ.

ಎಚ್ಚರಿಕೆ ಬೇಕಾದ ಕಡೆ

ರಕ್ತಹೀನತೆ: ಪಾಲಿಫಿನಾಲ್‌ಗಳ ಇನ್ನೊಂದು ಮುಖ ಇದು. ಚಹಾ, ಕಾಫಿಯಲ್ಲಿರುವ ಪಾಲಿಫಿನಾಲ್‌ಗಳು ಮತ್ತು ಧಾನ್ಯ, ಕಾಳುಗಳಲ್ಲಿರುವ ಫೈಟೇಟ್ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು ಅದು ರಕ್ತ ಸೇರದಂತೆ ಮಾಡುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಊಟದ ಬೆನ್ನಿಗೇ ಚಹಾ ಕುಡಿಯುವ ಅಭ್ಯಾಸ ಇವರಿಗೆ ಹಾನಿಕರ. ಒಂದು ಗಂಟೆಯಾದರೂ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ನುಂಗಬಾರದು. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಅದರ ಸಿ ಜೀವಸತ್ವ ಕಬ್ಬಿಣ ಹೀರಿಕೆಗೆ ನೆರವಾಗುತ್ತದೆ. ಕಾಳು ನೆನೆಸಿ ಮೊಳಕೆ ಬರಿಸಿದರೆ ಫೈಟೇಟ್ ಕೂಡ ತಗ್ಗುತ್ತದೆ.

ಹೊಟ್ಟೆಯುಬ್ಬರ: ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ವಾಯು, ಹೊಟ್ಟೆನೋವು ಕಾಣಿಸಬಹುದು. ಎರಡು ಮೂರು ವಾರಗಳಲ್ಲಿ ಕ್ರಮೇಣ ಹೆಚ್ಚಿಸಿ, ಜೊತೆಗೆ ಸಾಕಷ್ಟು ನೀರು ಕುಡಿಯಬೇಕು. ಕೆರಳುವ ಕರುಳಿನ ತೊಂದರೆ ಇರುವವರಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋಧಿ, ಕಾಳುಗಳೇ ನೋವು ತರುವುದುಂಟು. ಕರುಳಿನ ಶಸ್ತ್ರಚಿಕಿತ್ಸೆ ಆದವರು, ಮೂತ್ರಪಿಂಡದ ಕಾಯಿಲೆಯಿಂದ ಪಥ್ಯದಲ್ಲಿರುವವರು ವೈದ್ಯರನ್ನು ಕೇಳದೆ ಊಟ ಬದಲಿಸಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬಹುದಿನದ ಭೇದಿ ಇವುಗಳಿಗೆ ಮನೆಮದ್ದು ಸಲ್ಲದು.

ಗಿಡಮೂಲಿಕೆ: ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ, 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡ ಔಷಧೀಯ ಸಸ್ಯಗಳಿಗೆ ಹೆಸರಾದದ್ದು. ಈ ಗಿಡಗಳಲ್ಲೂ ಪಾಲಿಫಿನಾಲ್‌ಗಳಿವೆ. ಆದರೆ ಔಷಧೀಯ ಗಿಡಗಳಲ್ಲಿ ಅವುಗಳ ಜೊತೆಗೆ ಯಕೃತ್ತು, ಮೂತ್ರಪಿಂಡಗಳ ಮೇಲೆ ಪರಿಣಾಮ ಬೀರಬಲ್ಲ ವಸ್ತುಗಳೂ ಇರಬಹುದು. ಪ್ರಮಾಣ ತಿಳಿಯದೆ ಕಷಾಯ ಮಾಡಿ ಕುಡಿಯುವುದು ಅಪಾಯ. ತಟ್ಟೆಯ ಸೊಪ್ಪು ಬೇರೆ, ಔಷಧಿಯ ಬೇರು ಬೇರೆ.

ಪ್ರತಿಜೀವಕ: ನಾರಿನಿಂದ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಅನಗತ್ಯ ಆಂಟಿಬಯಾಟಿಕ್ ಕೆಲವೇ ದಿನಗಳಲ್ಲಿ ಕೆಡಿಸಬಲ್ಲದು. ನೆಗಡಿಯಂತಹ ವೈರಾಣು ಕಾಯಿಲೆಗೆ ಅದು ಕೆಲಸ ಮಾಡುವುದೂ ಇಲ್ಲ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗುವ ಅಭ್ಯಾಸವನ್ನು ಬಿಡಬೇಕು. ವೈದ್ಯರು ಬರೆದುಕೊಟ್ಟಾಗ ಮಾತ್ರ ಅವರು ಹೇಳಿದಂತೆ ಪೂರ್ತಿ ಸೇವಿಸಬೇಕು.

ದಿನನಿತ್ಯ ಮಾಡಬಹುದಾದದ್ದು

ದಿನದ ಒಂದು ಊಟವಾದರೂ ಜೋಳ, ಸಜ್ಜೆ ಅಥವಾ ನವಣೆಯದಾಗಿರಲಿ. ರೊಟ್ಟಿ ಬಡಿಯಲು ಬಿಡುವಿಲ್ಲದವರಿಗೆ ಪೇಟೆಯಲ್ಲಿ ಸಿಗುವ ಕಡಕ್ ರೊಟ್ಟಿ, ಇಲ್ಲವೇ ಜೋಳದ ನುಚ್ಚು ಮತ್ತು ಮಜ್ಜಿಗೆ ಸುಲಭದ ದಾರಿ. ಹಿಟ್ಟನ್ನು ದಪ್ಪ ಜರಡಿಯಲ್ಲಿ ಸಾಣಿಸಿದರೆ ಸಾಕು. ಬೇಳೆಯ ಬದಲು ವಾರದಲ್ಲಿ ಮೂರ್ನಾಲ್ಕು ದಿನ ಇಡಿ ಕಾಳು ಬಳಸಬಹುದು. ಒಂದು ಚಮಚ ಅಗಸಿ ಹಿಂಡಿ, ಸಿಪ್ಪೆ ಸಹಿತ ಶೇಂಗಾ, ಹಸಿ ಉಳ್ಳಾಗಡ್ಡಿ, ಹಕ್ಕರಿಕೆ ಇಲ್ಲವೇ ಮೆಂತ್ಯದ ಸೊಪ್ಪು ಜೊತೆಗಿರಲಿ. ಒಂದೇ ಪದಾರ್ಥವನ್ನು ದಿನವೂ ಹೆಚ್ಚು ತಿನ್ನುವುದಕ್ಕಿಂತ ಹಲವು ಬಗೆಯವನ್ನು ಸ್ವಲ್ಪ ಸ್ವಲ್ಪ ತಿನ್ನುವುದು ಮೇಲು. ಬೇರೆ ಬೇರೆ ಬ್ಯಾಕ್ಟೀರಿಯಾಗಳಿಗೆ ಬೇರೆ ಬೇರೆ ನಾರು ಬೇಕು.

ಇವುಗಳಲ್ಲಿ ದುಬಾರಿಯಾದ, ಹೊರದೇಶದಿಂದ ಬರಬೇಕಾದ ವಸ್ತು ಒಂದೂ ಇಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸುವುದಕ್ಕೆ ಬಹಳ ಹಿಂದಿನಿಂದಲೂ ಗದಗ ಸೀಮೆಯ ಒಲೆಗಳ ಮೇಲೆ ಈ ಊಟ ಸಿದ್ಧವಾಗುತ್ತಿದೆ. ಕಳೆದುಹೋದದ್ದನ್ನು ಹುಡುಕಿ ತರುವ ಕಷ್ಟ ಈ ಭಾಗದವರಿಗಿಲ್ಲ. ಇರುವುದನ್ನು ಮುಂದಿನ ತಲೆಮಾರಿನ ತಟ್ಟೆಯಲ್ಲಿಯೂ ಉಳಿಸಿದರೆ, ಕರುಳಿನಲ್ಲಿ ಕಾಯುತ್ತಿರುವ ಅತಿಥಿಗಳಿಗೂ ಊಟ ತಪ್ಪುವುದಿಲ್ಲ.